ಪದಚರ್ಚೆ: ನಿಲ್ಲಿಸಿದ ಗಾಡಿಯ ಬ್ಯಾಟರಿಗೆ ಹೊರಗಿಂದ ಚಾರ್ಜ್ ಕೊಡುವ ಪ್ಲಗ್‌ಗೆ ಏನನ್ನೋಣ?

ಗೆಳೆಯರೇ,

ತುರ್ತಾಗಿ ಒಂದು ಪದ ಬೇಕಿದೆ. ಆಫ್‌ರೋಡ್ ಗಾಡಿಯೊಂದರ ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ಇಂಥ ಗಾಡಿಗಳು ಎಷ್ಟೋ ಸಲ ತಿಂಗಳುಗಟ್ಟಲೆ ಶೆಡ್‌ನಲ್ಲೇ ಇರುತ್ತವೆ. ಕೀ ತೆಗೆದಿದ್ದರೂ ಗಡಿಯಾರ, ಅಲಾರಂ, ಒಳಗಿನ ಕಂಪ್ಯೂಟರ್ ಚೂರುಚೂರೇ ಕರೆಂಟ್ ಎಳೆಯುತ್ತವೆ. ಬ್ಯಾಟರಿ ಇಳಿದುಹೋಗುತ್ತದೆ. ಅದಕ್ಕೇ ಬ್ಯಾಟರಿಯಿಂದ ವೈರ್ ಎಳೆದು, ಬಂಪರ್ ಹತ್ತಿರ ರಬ್ಬರ್ ಮುಚ್ಚಳದ ಎರಡು ಪಿನ್ನಿನ ಪ್ಲಗ್ ಕೂರಿಸುತ್ತಾರೆ. ಬಾನೆಟ್ ಎತ್ತದೆ ಚಾರ್ಜರ್ ಸಿಕ್ಕಿಸಬಹುದು.

ಅದರ ಪಕ್ಕ ಅಂಟಿಸುವ ಸ್ಟಿಕ್ಕರ್ ಚಿಕ್ಕದು, ಹೆಚ್ಚೆಂದರೆ ಎರಡು ಸಾಲು. ಸದ್ಯಕ್ಕೆ ‘ನಿಂತ ವಾಹನದ ಬಾಹ್ಯ ಚಾರ್ಜಿಂಗ್ ಸಂಪರ್ಕ’ ಅಂತ ಬರೆದಿಟ್ಟಿದ್ದೇನೆ. ಸಂಜೆಯೊಳಗೆ ಪ್ರಿಂಟ್‌ಗೆ ಹೋಗಬೇಕು. ಇನ್ನೊಂದು, ಬ್ಯಾಟರಿ ತುಂಬಿದ ಮೇಲೂ ಹಾಗೇ ಸಿಕ್ಕಿಸಿಟ್ಟಿರಬಹುದಾದ ಚಾರ್ಜರ್‌ಗೆ ಕನ್ನಡದಲ್ಲಿ ಏನಾದರೂ ಬಳಕೆಯಲ್ಲಿದೆಯಾ?

ಉತ್ತರ 1

‘ಸಂಪರ್ಕ’ ಸಾಲದು. ಶಾಸ್ತ್ರದ ಪದ ಇರುವಾಗ ಬೆರಕೆ ಯಾಕೆ? ಪಠ್ಯಪುಸ್ತಕಗಳಲ್ಲಿ ಚಾರ್ಜ್‌ಗೆ ವಿದ್ಯುದಾವೇಶ ಎಂಬ ಪದ ಎಂದೋ ನೆಲೆ ನಿಂತಿದೆ. ‘ಬಾಹ್ಯ ವಿದ್ಯುದಾವೇಶ ದ್ವಾರ’ ಎಂದು ಬರೆಯಿರಿ.

ಉತ್ತರ 2

ಗಾಡಿಗೆ ಆವೇಶ ಬರಿಸುವ ಬಾಗಿಲು! ಉಡುಕ್ಕೆ ಯಾರು ಬಾರಿಸುತ್ತಾರೆ?

ಪಠ್ಯದ ಆವೇಶ ಒಂದು ಗುಣ. ಎಲೆಕ್ಟ್ರಾನ್‌ಗೆ ಇರುವಂಥದ್ದು. ಇಲ್ಲಿ ಬೇಕಾಗಿರುವುದು ಒಂದು ಕೆಲಸ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಇದ್ದರೆ ಕನ್ನಡಕ್ಕೂ ಒಂದೇ ಇರಬೇಕಾ?

ಬೇರು ನೋಡಿ. ಚಾರ್ಜ್ ಬಂದದ್ದು ಫ್ರೆಂಚ್ ದಾರಿಯಾಗಿ ಲ್ಯಾಟಿನ್‌ನಿಂದ. ಮೂಲದಲ್ಲಿ ಅದರರ್ಥ ‘ಬಂಡಿಗೆ ಹೇರು’. ‘ಕಾರ್’ ಕೂಡ ಅದೇ ಬೇರಿನದು. ನಮ್ಮಲ್ಲಿ ‘ಹೇರು’ ಅಚ್ಚಗನ್ನಡದಲ್ಲೇ ಇದೆ, ಬಂಡಿಯೂ ಇದೆ. ‘ಮಿಂಚು’ ಸೇರಿಸಿ, ‘ಮಿಂಚುಹೇರು ಕಿಂಡಿ’ ಆಯಿತು. ಮುಗಿಯಿತು.

ಉತ್ತರ 3

ಮುಗಿಯಲಿಲ್ಲ ಸರ್. ‘ಹೇರಿಕೆ’ ಅಂದರೆ ಈ ಮೇಲಿಂಗ್ ಪಟ್ಟಿಯಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಯಾವುದು ಅಂತ ನಿಮಗೇ ಗೊತ್ತು. ಬೇಡದ್ದನ್ನು ತಲೆಗೆ ಕಟ್ಟುವುದಕ್ಕೆ ಆ ಪದ ಹೋಗಿ ಕೂತಿದೆ. ಲ್ಯಾಟಿನ್ ಬಂಡಿ ಹಿಡಿದು ಅದನ್ನು ವಾಪಸ್ ತರಲಾಗದು.

ನಾನು ಇಂಥ ಪ್ಲಗ್ ಕೂರಿಸಿದವನು, ಹಾಗಾಗಿ ಬೇರೆ ಮಾತು. ಪದದ ಚೆಂದಕ್ಕಿಂತ ಇಲ್ಲಿ ಕರೆಂಟಿನ ದಿಕ್ಕು ಮುಖ್ಯ. ‘ಚಾರ್ಜಿಂಗ್ ಪ್ಲಗ್’ ಅಂತಷ್ಟೇ ಬರೆದರೆ ಫೋನ್ ಚಾರ್ಜ್‌ಗೆ ಹಾಕುವ ಜಾಗ ಅಂದುಕೊಳ್ಳುತ್ತಾರೆ. ಈ ಪ್ಲಗ್‌ಗೆ ಹೊಂದುವ ಯುಎಸ್‌ಬಿ ಅಡಾಪ್ಟರ್‌ಗಳೂ ಸಿಗುತ್ತವೆ, ಆದ್ದರಿಂದ ಅದು ಬರೀ ಕಲ್ಪನೆಯಲ್ಲ. ಬ್ಯಾಟರಿ ಉಳಿಸಲು ಇಟ್ಟ ಪ್ಲಗ್‌ನಿಂದಲೇ ಬ್ಯಾಟರಿ ಇಳಿಯುತ್ತದೆ. ಈಗ ಎಲೆಕ್ಟ್ರಿಕ್ ಗಾಡಿಗಳೂ ಬಂದಿವೆ. ‘ವಾಹನ ಚಾರ್ಜಿಂಗ್’ ಅಂದರೆ ಜನ ಅದನ್ನೇ ತಿಳಿಯುತ್ತಾರೆ. ಹಾಗಾಗಿ ‘ಬ್ಯಾಟರಿಗೆ’ ಅನ್ನುವ ‘-ಗೆ’ ಬಿಡಬೇಡಿ. ಕನ್ನಡದಲ್ಲಿ ಆ ಒಂದು ಅಕ್ಷರವೇ ದಿಕ್ಕು ಹೇಳುತ್ತದೆ.

‘ನಿಂತ ವಾಹನ’ ತಪ್ಪು. ನಿಂತ ಗಾಡಿ ಅಂದರೆ ಕೆಟ್ಟು ನಿಂತದ್ದು. ನೀವು ಹೇಳುತ್ತಿರುವುದು ‘ನಿಲ್ಲಿಸಿದ ಗಾಡಿ’.

ಕೈಪಿಡಿಯ ಒಳಗೆ ‘ಗಂಡು ಪ್ಲಗ್, ಹೆಣ್ಣು ಪ್ಲಗ್’ ಅಂತ ಬರೆಯಲು ಹೋಗಬೇಡಿ. ಈ ಎರಡು ಪಿನ್ನಿನದರಲ್ಲಿ ಎರಡೂ ಕಡೆ ಒಂದು ಪಿನ್ ಹೊರಗೆ, ಇನ್ನೊಂದು ಮುಚ್ಚಿಕೊಂಡು ಇರುತ್ತದೆ. ‘ಗಾಡಿ ಕಡೆಯದು, ಚಾರ್ಜರ್ ಕಡೆಯದು’ ಅಂದರೆ ಸಾಕು. ಗಾಡಿ ಕಡೆ ಪಾಸಿಟಿವ್ ಮುಚ್ಚಿಕೊಂಡಿರಬೇಕು, ಯಾಕೆಂದರೆ ಆ ಕಡೆಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಮುಚ್ಚಿಲ್ಲದ ಪಾಸಿಟಿವ್ ಗಾಡಿಯ ಲೋಹದ ಮೈಗೆ ತಾಗಿದರೆ ಶಾರ್ಟ್ ಆಗುತ್ತದೆ. ಅದೇ ಕಾರಣಕ್ಕೆ ಫ್ಯೂಸ್ ಇರುವುದು ಪ್ಲಗ್ ಹತ್ತಿರವಲ್ಲ, ಬ್ಯಾಟರಿ ಹತ್ತಿರ. ವೈರ್ ನಡುವೆ ಎಲ್ಲೋ ಸವೆದು ಚಾಸಿಗೆ ತಾಗಿದರೂ ಫ್ಯೂಸ್ ಹೋಗಬೇಕು, ವೈರ್ ಹೊತ್ತಿಕೊಳ್ಳಬಾರದು. ಮೂಲದಲ್ಲಿ ಈ ವಾಕ್ಯ ಇದ್ದರೆ ಚುಟುಕು ಮಾಡಲು ಹೋಗಿ ‘ಹತ್ತಿರ’ ತೆಗೆದುಬಿಡಬೇಡಿ.

ಉತ್ತರ 2 ಬರೆದವರಿಂದ

> ಬ್ಯಾಟರಿಗೆ

ಹಾಗಾದರೆ ಬ್ಯಾಟರಿ ಕನ್ನಡವೋ? 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ಕೂಡಿಡುವ ಲೇಡನ್ ಜಾಡಿಗಳ ಸಾಲಿಗೆ ಫಿರಂಗಿ ಸಾಲಿನ ಹೆಸರಿಟ್ಟ. ಅದನ್ನು ನಾವು ಹೊರಬೇಕು. ಬ್ಯಾಟರಿ, ಚಾರ್ಜ್, ಪ್ಲಗ್ ಮೂರೂ ಎರವಲು. ಉಳಿದದ್ದು ‘-ಗೆ’ ಒಂದೇ. ಅದನ್ನೇ ಕನ್ನಡ ಅನ್ನೋಣ ಬಿಡಿ.

ಉತ್ತರ 4

ಅನ್ನೋಣ. ವ್ಯಾಕರಣ ನಮ್ಮದಿದ್ದರೆ ಭಾಷೆ ನಮ್ಮದೇ. ಮೇಜು, ಚಾವಿ ಪೋರ್ಚುಗೀಸರಿಂದ ಬಂದವು, ಕಾನೂನು ಅರಬ್ಬಿಯಿಂದ. ಯಾರೂ ಅಳಲಿಲ್ಲ. ‘ಬ್ಯಾಟರಿ’ಯಂತೂ ನಮ್ಮಲ್ಲಿಗೆ ಬಂದು ಹೊಸ ಅರ್ಥವನ್ನೇ ಪಡೆಯಿತು. ‘ಬ್ಯಾಟರಿ ಬಿಡು’ ಅಂದರೆ ಟಾರ್ಚ್ ಹಾಕು ಅಂತ. ಇಂಗ್ಲಿಷಿನವನಿಗೆ ಅದು ಅರ್ಥವೇ ಆಗದು. ಎರವಲು ಅಂದರೆ ವಾಪಸ್ ಕೊಡುವುದು ತಾನೇ? ಇದನ್ನು ಯಾರೂ ವಾಪಸ್ ಕೇಳಿಲ್ಲ.

ಉತ್ತರ 1 ಬರೆದವರಿಂದ

ಟಾರ್ಚ್ ಅರ್ಥ ಇರುವುದರಿಂದಲೇ ಶಾಸ್ತ್ರೀಯ ಪದ ಬೇಕು ಎನ್ನುತ್ತಿದ್ದೇನೆ. ಈ ಪಟ್ಟಿಯಲ್ಲಿ ಸಂಸ್ಕೃತ ಎಂದೊಡನೆ ಮೈಮೇಲೆ ಬೀಳುವವರೇ ಜಾಸ್ತಿ.

ಉತ್ತರ 3 ಬರೆದವರಿಂದ

ಬಂಪರ್ ಪಕ್ಕದ ಸ್ಟಿಕ್ಕರ್ ಓದಿ ಟಾರ್ಚ್ ಹುಡುಕುವವರು ಯಾರೂ ಇಲ್ಲ ಸರ್.

ಕೇಳಿದವರ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಅಂಗಡಿಗಳಲ್ಲಿ ‘ಟ್ರಿಕಲ್ ಚಾರ್ಜರ್’ ಅಂತ ಎರಡು ಬಗೆಯನ್ನೂ ಒಟ್ಟಿಗೆ ಕರೆಯುತ್ತಾರೆ. ಹಳೇ ಬಗೆಯದು ಬ್ಯಾಟರಿ ತುಂಬಿದ್ದರೂ ನೋಡದೆ ಸಣ್ಣಗೆ ಕರೆಂಟ್ ತಳ್ಳುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಬ್ಯಾಟರಿ ಹಾಳು. ನಿಮಗೆ ಬೇಕಾದದ್ದು ತುಂಬಿದ ಮೇಲೆ ತಾನೇ ತಗ್ಗುವಂಥದ್ದು. 12 ವೋಲ್ಟ್‌ನ ಸೀಸ-ಆಸಿಡ್ ಬ್ಯಾಟರಿಯಾದರೆ 13.5 ವೋಲ್ಟ್ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ‘ಕಾಯುವ ಚಾರ್ಜರ್’ ಅನ್ನಬಹುದಿತ್ತು, ಆದರೆ ಬಿಸಿಯಾಗುವ ಚಾರ್ಜರ್ ಅಂತ ಓದಿಕೊಳ್ಳುತ್ತಾರೆ. ‘ಕಾವಲು ಚಾರ್ಜರ್’ ಅನ್ನಿ. ಹೊಸದು, ಆದರೆ ತಪ್ಪು ಅರ್ಥ ಬರುವುದಿಲ್ಲ. ಮೊದಲ ಸಲ ಬಂದಾಗ ಏನು ಮಾಡುತ್ತದೆ ಅಂತ ಒಂದು ಸಾಲು ಬರೆದುಬಿಡಿ.

ಕೇಳಿದವರಿಂದ

ಎಲ್ಲರಿಗೂ ವಂದನೆ. ಸ್ಟಿಕ್ಕರ್ ಕಳಿಸಿದೆ:

ಗಾಡಿಯ ಬ್ಯಾಟರಿಗೆ ಚಾರ್ಜ್ ಇಲ್ಲಿ
12 ವೋಲ್ಟ್. ಫೋನ್ ಸಿಕ್ಕಿಸಬೇಡಿ

ಕೈಪಿಡಿಯಲ್ಲಿ ‘ಕಾವಲು ಚಾರ್ಜರ್’ ಇಟ್ಟುಕೊಂಡೆ, ‘ಬಾಹ್ಯ’ ತೆಗೆದೆ. ಮೂಲದ ಫ್ಯೂಸ್ ವಾಕ್ಯದಲ್ಲಿ ‘ಬ್ಯಾಟರಿ ಹತ್ತಿರ’ ಇದೆ, ಹಾಗೇ ಬಿಟ್ಟಿದ್ದೇನೆ.

ಉತ್ತರ 2 ಬರೆದವರಿಂದ

‘ಗಾಡಿ’ ಕೂಡ ಉತ್ತರದ ಭಾಷೆಗಳಿಂದ ಬಂದದ್ದು. ಬಂಡಿ ಅನ್ನಬಹುದಿತ್ತು.