ಚಿಕ್ಕಪ್ಪನಿಗೆ, ಅತ್ತೆಗೆ: ಮ್ಯೂಸಿಯಂ ಮೊಬೈಲಿನಲ್ಲೂ ನೋಡಿ, ಹೋಗಿಯೂ ನೋಡಿ

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪ, ನಿಮ್ಮ ಮೆಸೇಜು ನೋಡಿದೆ. ನೀವು, ಚಿಕ್ಕಮ್ಮ, ಪುಟ್ಟಿ ಮೂವರೂ ಆಮ್‌ಸ್ಟರ್‌ಡ್ಯಾಮಿಗೆ ಬಂದಾಗ ರೈಕ್ಸ್‌ಮ್ಯೂಸಿಯಂ ತೋರಿಸುತ್ತೇನೆ ಅಂದಿದ್ದಕ್ಕೆ "ಆ ಚಿತ್ರಗಳೆಲ್ಲಾ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತಲ್ಲ, ಟಿಕೆಟ್ಟಿಗೆ ಸುಮ್ನೆ ಯಾಕೆ ದುಡ್ಡು" ಅಂತ ಕೇಳಿದ್ದೀರಿ. ಅದರ ಕೆಳಗೇ ಅತ್ತೆ "ಈ ಮಂಡಿನೋವಲ್ಲಿ ನಾನಂತೂ ಅಲ್ಲಿಗೆ ಬರೋಕಾಗಲ್ಲ, ಮನೇಲೇ ಕೂತು ಹೇಗೆ ನೋಡೋದು ಹೇಳು" ಅಂದಿದ್ದಾರೆ. ಇಬ್ಬರಿಗೂ ಸೇರಿಸಿಯೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಅತ್ತೆಗೆ. ಅತ್ತೆ, ನೀವು ಮನೆಯಲ್ಲಿ ಕೂತು ನೋಡುವುದು ಏನೂ ಕಡಿಮೆ ಅಂದುಕೊಳ್ಳಬೇಡಿ. ಈ ಮ್ಯೂಸಿಯಂ ಹತ್ತಿರ ಸುಮಾರು 10 ಲಕ್ಷ ವಸ್ತುಗಳಿವೆ, ಕೋಣೆಗಳಲ್ಲಿ ಇಟ್ಟಿರುವುದು ಸುಮಾರು 8 ಸಾವಿರ ಮಾತ್ರ. ಅಂದರೆ ಇಲ್ಲೇ ಇರುವ ನನಗೂ ಮಿಕ್ಕಿದ್ದನ್ನು ನೋಡಲು ವೆಬ್‌ಸೈಟೇ ಗತಿ. ಅದರಲ್ಲೂ ಕಾಗದದ ಮೇಲಿನ ಚಿತ್ರಗಳು. ಕಾಗದಕ್ಕೆ ಬೆಳಕು ತಾಗುತ್ತಾ ಇದ್ದರೆ ಹಾಳಾಗುತ್ತೆ, ಹಾಗಾಗಿ ಅವನ್ನು ಕತ್ತಲಲ್ಲಿ ಇಟ್ಟು ಯಾವಾಗಲೋ ಒಮ್ಮೆ ಹೊರಗೆ ತೆಗೆಯುತ್ತಾರೆ. ರೆಂಬ್ರಾಂಟ್ ಅಂತ ದೊಡ್ಡ ಚಿತ್ರಕಾರ, ಹೆಸರು ಕೇಳಿರುತ್ತೀರಿ. ಹಾಲೆಂಡ್ ಬಿಟ್ಟು ಎಲ್ಲಿಗೂ ಹೋದವನಲ್ಲ. ಆದರೆ ನಮ್ಮ ಕಡೆಯಿಂದ ವ್ಯಾಪಾರದ ಹಡಗುಗಳಲ್ಲಿ ಬಂದ ಮೊಘಲ್ ಚಿಕಣಿ ಚಿತ್ರಗಳನ್ನು ನೋಡಿ, ಅದೇ ತರಹ ಪೆನ್ನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಚಿತ್ರ ಬಿಡಿಸಿದ್ದಾನೆ. ಇದು 1650ರ ದಶಕದ ಆಚೀಚೆಯ ಮಾತು, ಷಹಜಹಾನ್ ಇನ್ನೂ ಬದುಕಿದ್ದ ಕಾಲ. ರೆಂಬ್ರಾಂಟ್ ಬಿಡಿಸಿದ ಆ ಷಹಜಹಾನನ ಚಿತ್ರವೇ ಈ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಇಲ್ಲಿಗೆ ಬಂದವರಿಗೆ ಅದು ಕಾಣುತ್ತೆ ಅನ್ನುವ ಗ್ಯಾರಂಟಿ ಇಲ್ಲ, ನಿಮಗೆ ಮೈಸೂರಲ್ಲಿ ಕೂತಲ್ಲೇ ಯಾವಾಗ ಬೇಕಾದರೂ ಕಾಣುತ್ತೆ. ಹುಡುಕುವ ಜಾಗದಲ್ಲಿ ಚಿತ್ರಕಾರನ ಹೆಸರು ಹಾಕಿದರೆ ಸಾಲಾಗಿ ಬರುತ್ತವೆ. ಫೋನು ಚಿಕ್ಕದಾಯಿತು ಅನಿಸಿದರೆ ಮನೆಯಲ್ಲಿ ಹುಡುಗರಿಗೆ ಹೇಳಿ ಟಿವಿಗೆ ಹಾಕಿಸಿಕೊಳ್ಳಿ. ಹಕ್ಕುಸ್ವಾಮ್ಯ ಮುಗಿದ ಚಿತ್ರಗಳನ್ನು ದೊಡ್ಡ ಸೈಜಿನಲ್ಲೇ ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಿಸಿ ಗೋಡೆಗೂ ತಗುಲಿಸಬಹುದು. 2012ರಿಂದಲೇ ಹೀಗೆ ಬಿಟ್ಟುಕೊಟ್ಟಿದ್ದಾರೆ, ನನಗೆ ಇದು ತುಂಬಾ ದೊಡ್ಡ ಮನಸ್ಸಿನ ಕೆಲಸ ಅನಿಸುತ್ತೆ.

ಈಗ ಚಿಕ್ಕಪ್ಪನ ಪ್ರಶ್ನೆ. ಮೊಬೈಲಿನಲ್ಲಿ ಎಲ್ಲಾ ಚಿತ್ರವೂ ಒಂದೇ ಸೈಜು, ಅಲ್ವಾ? ಅಲ್ಲೇ ಎಲ್ಲಾ ವ್ಯತ್ಯಾಸ ಇರುವುದು.

ರೆಂಬ್ರಾಂಟನದೇ 'ನೈಟ್ ವಾಚ್' ತೆಗೆದುಕೊಳ್ಳಿ. 1642ರ ಚಿತ್ರ. ಊರು ಕಾಯುವ ಪಡೆಯವರು ಬಂದೂಕು ಭರ್ಜಿ ಹಿಡಿದು ಹೊರಡುತ್ತಿರುವುದು. 2022ರಲ್ಲಿ ಇದರ ಒಂದು ಫೋಟೋ ವೆಬ್‌ಸೈಟಿಗೆ ಹಾಕಿದರು, 717 ಗಿಗಾಪಿಕ್ಸೆಲ್‌ನದು, ಅಂದರೆ 71,700 ಕೋಟಿ ಚುಕ್ಕೆಗಳದು. 8,439 ಫೋಟೋ ಬೇರೆ ಬೇರೆ ತೆಗೆದು ಜೋಡಿಸಿದ್ದು, ಒಂದೊಂದು ಫೋಟೋದಲ್ಲಿ ಬರುವುದು ಚಿತ್ರದ ಐದೂವರೆ ಸೆಂಟಿಮೀಟರ್ ಅಗಲದ ತುಂಡು ಅಷ್ಟೇ. ಹಿಗ್ಗಿಸುತ್ತಾ ಹೋದರೆ ಒಂದು ಕಣ್ಣು ಇಡೀ ಸ್ಕ್ರೀನ್ ತುಂಬುತ್ತೆ, ಆಮೇಲೆ ಬಣ್ಣದಲ್ಲಿನ ಬಿರುಕು, ಆಮೇಲೆ ಬಣ್ಣದ ಕಣಗಳು. ನೋಡುವಾಗ ನಡುವೆ ನಿಂತಿರುವ ಕಪ್ಪು ಬಟ್ಟೆಯ ಕ್ಯಾಪ್ಟನ್ ಕೈ ಎಲ್ಲಿದೆ ನೋಡಿ. ಅವನು ಮುಂದೆ ಚಾಚಿದ ಕೈಯ ನೆರಳು ಪಕ್ಕದವನ ಹಳದಿ ಕೋಟಿನ ಮೇಲೆ ಬಿದ್ದಿದೆ, ಅಲ್ಲೇ ಕೋಟಿನ ಅಂಚಿನ ಕಸೂತಿಯಲ್ಲಿ ಒಂದು ಪುಟಾಣಿ ಸಿಂಹ, ಅದು ಹಿಡಿದಿರುವುದು ಆಮ್‌ಸ್ಟರ್‌ಡ್ಯಾಮ್ ಊರಿನ ಗುರುತು, ಮೂರು ಇಂಟು ಮಾರ್ಕು. ಇದನ್ನು ಮ್ಯೂಸಿಯಂನಲ್ಲಿ ಜನರ ಹಿಂದೆ ನಿಂತು ಕಂಡುಹಿಡಿಯುವುದು ಕಷ್ಟ. ಅದೂ ಅಲ್ಲದೆ ಚಿತ್ರದ ಸುತ್ತ ಈಗ ಗಾಜಿನ ಕೋಣೆ ಇದೆ. 2019ರಿಂದ ಅದರೊಳಗೇ ಪರೀಕ್ಷೆ ನಡೆಸಿ, 2024ರ ನವೆಂಬರಿನಲ್ಲಿ ಹಳೆಯ ವಾರ್ನಿಷ್ ತೆಗೆಯಲು ಶುರು ಮಾಡಿದರು, ನೋಡಲು ಬಂದ ಜನರ ಎದುರಿಗೇ.

ಹಾಗಾದರೆ ಹೋಗಿ ನೋಡುವುದು ಏನು ಅಂತೀರಾ? ಅದರ ಗಾತ್ರ ಚಿಕ್ಕಪ್ಪ. ನಾಲ್ಕೂವರೆ ಮೀಟರ್ ಅಗಲ, ಹತ್ತಿರ ಹತ್ತಿರ ನಾಲ್ಕು ಮೀಟರ್ ಎತ್ತರ. ಮುಂದಿನ ಸಾಲಿನವರು ಹೆಚ್ಚುಕಡಿಮೆ ನಮ್ಮಷ್ಟೇ ಎತ್ತರ ಇದ್ದಾರೆ, ಇನ್ನೇನು ಚೌಕಟ್ಟು ದಾಟಿ ಬಂದೇ ಬಿಡುತ್ತಾರೆ ಅನಿಸುತ್ತೆ, ನಾವೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕೇನೋ ಅನ್ನುವ ಹಾಗೆ. ಇದು ಇನ್ನೂ ದೊಡ್ಡದಿತ್ತಂತೆ, 1715ರಲ್ಲಿ ಟೌನ್ ಹಾಲಿಗೆ ಸಾಗಿಸಿದಾಗ ಅಲ್ಲಿನ ಗೋಡೆಗೆ ಹಿಡಿಸಲಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿದರು. ಎಡಗಡೆ ಇಬ್ಬರು ಹೋದರು. ಕತ್ತರಿಸಿದ ತುಂಡುಗಳು ಇವತ್ತಿನವರೆಗೂ ಸಿಕ್ಕಿಲ್ಲ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಅದೇ ಮ್ಯೂಸಿಯಮ್ಮಿನಲ್ಲಿ ವರ್ಮೀರ್ ಅನ್ನುವ ಇನ್ನೊಬ್ಬ ಡಚ್ ಚಿತ್ರಕಾರ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರ ಇದೆ. ಇದನ್ನು ಫೋಟೋದಲ್ಲಿ ನೋಡಿದವರು ದೊಡ್ಡ ಚಿತ್ರ ಅಂದುಕೊಂಡಿರುತ್ತಾರೆ. 45 ಸೆಂಟಿಮೀಟರ್ ಎತ್ತರ ಚಿಕ್ಕಮ್ಮ, ನಮ್ಮ ದೇವರಮನೆಯ ಲಕ್ಷ್ಮಿ ಪಟದಷ್ಟೇ ಇರಬಹುದು! ಹಾಗಾಗಿ ತಾನಾಗಿಯೇ ಹತ್ತಿರ ಹೋಗುತ್ತೇವೆ. ಅಡುಗೆಮನೆ, ಕಿಟಕಿ, ಒಂದು ಸಣ್ಣ ಧಾರೆಯಾಗಿ ಹಾಲು, ಅಷ್ಟೇ. ಗೋಡೆಗೆ ಹೊಡೆದ ಒಂದು ಮೊಳೆ, ಅದಕ್ಕೊಂದು ನೆರಳು, ಮೊಳೆ ಕಿತ್ತ ತೂತು, ಇಷ್ಟನ್ನೂ ಬರೆದಿದ್ದಾನೆ. ಬ್ರೆಡ್ಡಿನ ಮೇಲೆ ಬಿಳಿ ಚುಕ್ಕೆ ಚುಕ್ಕೆ ಇಟ್ಟಿದ್ದಾನೆ, ಹತ್ತಿರದಿಂದ ಬರೀ ಚುಕ್ಕೆ, ಎರಡು ಹೆಜ್ಜೆ ಹಿಂದೆ ಬಂದರೆ ಬೆಳಕು ಬಿದ್ದ ಹೊರಪದರ. ಅವಳ ನೀಲಿ ಏಪ್ರನ್ನಿನ ಬಣ್ಣ ಲ್ಯಾಪಿಸ್ ಲಾಜುಲಿ ಕಲ್ಲು ಅರೆದು ಮಾಡಿದ್ದು, ಆ ಕಾಲಕ್ಕೆ ಆ ಕಲ್ಲು ಅಫ್ಘಾನಿಸ್ತಾನದ ಗಣಿಗಳಿಂದ ಬರಬೇಕಿತ್ತು. ನನ್ನ ಫೋನಿನಲ್ಲಿ ಒಂದು ನೀಲಿ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ನೀಲಿ. ಗೋಡೆಯ ಮೇಲಿರುವ ನೀಲಿ ಎರಡೂ ಅಲ್ಲ, ಅದನ್ನು ಅಲ್ಲೇ ನಿಂತು ನೋಡಬೇಕು.

ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಣ್ಣಿನ ಚಿತ್ರ ನೆನಪಿದೆಯಾ? ಹಳದಂಕರ್ ಬರೆದದ್ದು. ಕ್ಯಾಲೆಂಡರಿನಲ್ಲಿ ನಾವೆಲ್ಲಾ ನೋಡಿದ್ದೇವೆ. ಆದರೂ ಮೈಸೂರಿಗೆ ಬಂದ ನೆಂಟರನ್ನೆಲ್ಲಾ ಅದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುವವರು ನೀವೇ ಅಲ್ವಾ ಚಿಕ್ಕಪ್ಪ!

ಚಿಕ್ಕಮ್ಮನಿಗೆ ಇನ್ನೊಂದು ವಿಷಯ. ಇಲ್ಲಿ ಏಷ್ಯಾದ ವಸ್ತುಗಳಿಗೆ ಬೇರೆಯೇ ಒಂದು ಕಟ್ಟಡ ಇದೆ. ಅಲ್ಲಿ ತಮಿಳುನಾಡಿನ ನಟರಾಜ, ಕಂಚಿನದು, ಹನ್ನೆರಡನೇ ಶತಮಾನದ್ದು ಅನ್ನುತ್ತಾರೆ. ಒಂದೂವರೆ ಮೀಟರ್ ಎತ್ತರ. ಒಳಗೆ ಟೊಳ್ಳೋ ಗಟ್ಟಿಯೋ ತಿಳಿಯಲು ರಾಟರ್‌ಡ್ಯಾಮ್ ಬಂದರಿಗೆ ಒಯ್ದು, ಕಸ್ಟಮ್ಸಿನವರು ಕಂಟೇನರ್ ಪರೀಕ್ಷಿಸುವ ಎಕ್ಸ್‌ರೇ ಯಂತ್ರದಲ್ಲಿ ಲಾರಿ ಸಮೇತ ತೂರಿಸಿದ್ದರು. ಪೂರ್ತಿ ಗಟ್ಟಿ ಎರಕ ಅಂತ ಗೊತ್ತಾಯಿತು. ಊರಲ್ಲಿ ಇಂಥ ಉತ್ಸವಮೂರ್ತಿಯನ್ನು ರೇಷ್ಮೆ, ಹೂವು, ಆಭರಣದ ಅಲಂಕಾರದಲ್ಲಿ ನೋಡುತ್ತೇವೆ, ಇಲ್ಲಿ ಎರಕದ ಕೆಲಸ ಪೂರ್ತಿ ಕಾಣುತ್ತೆ. ಕೈ ಮುಗಿಯಬೇಕು ಅನಿಸಿದರೆ ಮುಗಿಯಿರಿ ಚಿಕ್ಕಮ್ಮ, ಸಂಕೋಚ ಬೇಡ.

ಒಂದು ಕೆಲಸ ಮಾಡೋಣ. ಹೊರಡುವ ಮೊದಲು ಈ ಮೂರನ್ನೂ ಅಲ್ಲೇ ಟಿವಿಗೆ ಹಾಕಿಕೊಂಡು ಪುಟ್ಟಿ ಜೊತೆ ನಿಧಾನಕ್ಕೆ ನೋಡಿ. ಅವಳಿಗೆ ಆ ಸಿಂಹ ಹುಡುಕಲು ಬಿಡಿ, ಎಲ್ಲಿದೆ ಅಂತ ಹೇಳಿಕೊಡಬೇಡಿ. ಇಲ್ಲಿಗೆ ಬಂದ ಮೇಲೆ ನಾವು ಎಲ್ಲಾ ಕೋಣೆ ಸುತ್ತುವುದು ಬೇಡ, ಕಾಲು ಸೋತು ಕೊನೆಗೆ ಏನೂ ತಲೆಗೆ ಹೋಗುವುದಿಲ್ಲ. ನೋಡಿಕೊಂಡು ಬಂದ ಮೂರರ ಮುಂದೆ ಆರಾಮವಾಗಿ ನಿಲ್ಲೋಣ. ಅತ್ತೆಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡುತ್ತೇನೆ, ಮನೆಯಲ್ಲಿ ಹಿಗ್ಗಿಸಿ ನೋಡಿದವರು ಅವರೇ ತಾನೆ, ಎಲ್ಲಿ ಏನು ನೋಡಬೇಕು ಅಂತ ನಮಗೇ ಹೇಳಲಿ.

ಟಿಕೆಟ್ಟು ಮೊದಲೇ ಸಮಯ ಹೇಳಿ ಬುಕ್ ಮಾಡಬೇಕು. ಹದಿನೆಂಟು ತುಂಬದವರಿಗೆ ಫ್ರೀ, ಹಾಗಾಗಿ ಪುಟ್ಟಿಗೆ ದುಡ್ಡಿಲ್ಲ. ವರ್ಷಪೂರ್ತಿ ದಿನಾ 9ರಿಂದ 5ರವರೆಗೆ ತೆಗೆದಿರುತ್ತೆ, ಬೆಳಗ್ಗೆ ತೆಗೆಯುವ ಹೊತ್ತಿಗೇ ಹೋದರೆ ಜನ ಸ್ವಲ್ಪ ಕಡಿಮೆ. ಚಿಕ್ಕಪ್ಪ, ನಿಮ್ಮ ವಿಮಾನದ ತಾರೀಖು ಗ್ರೂಪಿನಲ್ಲಿ ಹಾಕಿ, ಇಳಿದ ಮಾರನೇ ದಿನ ಬೇಡ, ಒಂದು ದಿನ ಸುಧಾರಿಸಿಕೊಂಡ ಮೇಲೆ ನೋಡಿ 9 ಗಂಟೆಯದೇ ತೆಗೆಯುತ್ತೇನೆ.