ಹಳೇ ಪ್ಲಾಸ್ಟಿಕ್ ಕವರ್‌ನಲ್ಲಿ ಹ್ಯಾಂಡ್‌ಬ್ಯಾಗ್ ಮಾಡೋದು ಹೇಗೆ?

ಹಾಸನದ ಹುಡುಗಿ: 2016ರಲ್ಲೇ ನಮ್ ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬ್ಯಾನ್ ಆದ್ರೂ ಅಡುಗೆಮನೆ ಬಾಗಿಲ ಹಿಂದಿನ ಕವರ್ ಗಂಟು ಮಾತ್ರ ಕರಗ್ತಾನೇ ಇಲ್ಲ, ಇದ್ರಲ್ಲಿ ಬ್ಯಾಗ್ ಹೆಣೆದೋರು ಇದೀರಾ?

ಕ್ರೋಶಾ ಅಕ್ಕ: ಹೆಣೆದಿದೀನಿ ಕಣಮ್ಮ. ಕವರ್ ತೊಳೆದು ಒಣಗ್ಸಿ, ಅದರ ಹಿಡಿನೂ ತಳಾನೂ ಕತ್ತರಿಸ್ಬಿಟ್ಟು, ಅಡ್ಡಕ್ಕೆ ಎರಡು ಬೆರಳಗಲ ಕತ್ತರಿಸ್ತಾ ಹೋದ್ರೆ ಬಳೆ ಥರ ಬರುತ್ತೆ, ಒಂದರೊಳಗೊಂದು ತೂರ್ಸಿ ಎಳೆದ್ರೆ ಅದೇ ದಾರ, ಆಮೇಲೆ ದಪ್ಪ ಕ್ರೋಶಾ ಕಡ್ಡೀಲಿ (ತುದೀಲಿ ಕೊಕ್ಕೆ ಇರೋ ಹೆಣಿಗೆ ಕಡ್ಡಿ) ಸಡಿಲವಾಗಿ ಹೆಣಿ.

ಗಿರಿ: ಬೇಕಿಂಗ್ ಪೇಪರ್ ಮಧ್ಯೆ ಕವರ್ ಆರೇಳು ಪದರ ಇಟ್ಟು ಇಸ್ತ್ರಿ ಮಾಡಿದ್ರೂ ಅಂಟ್ಕೊಂಡು ದಪ್ಪ ಹಾಳೆ ಆಗುತ್ತೆ, ಹೊಲೀಬಹುದು. ಕಿಟಕಿ ತೆಗ್ದಿಡಿ, ಹೊಗೆ ಒಳ್ಳೇದಲ್ಲ.

ಹಾಸನದ ಹುಡುಗಿ: ಹಿಡಿಗೂ ಅದೇ ದಾರಾನಾ ಅಕ್ಕಾ?

ಕ್ರೋಶಾ ಅಕ್ಕ: ಬೇಡ, ಹಳೇ ಜೀನ್ಸ್ ಪಟ್ಟಿ ಹಾಕು. ನಂದು ಎರಡು ತೆಂಗಿನಕಾಯಿ ಹಾಕಿದ್ದಕ್ಕೆ ಜಗ್ಗಿ ಮೊಣಕಾಲ್ ತನಕ ಬಂತು 😄