ಸೆಲೆಸ್ಟಿಯಾದಲ್ಲಿ ಉಪಗ್ರಹ ಒಂದೇ ಕಡೆ ನಿಲ್ಲುತ್ತಿಲ್ಲ, ನಿಮಗೂ ಹೀಗಾಗಿತ್ತಾ?

ಮಕ್ಕಳಿಗೆ ತೋರಿಸೋಣ ಎಂದು, ಕಂಪ್ಯೂಟರಿನಲ್ಲಿ ಬಾಹ್ಯಾಕಾಶ ತೋರಿಸುವ ಸೆಲೆಸ್ಟಿಯಾ ತಂತ್ರಾಂಶಕ್ಕೆ ಒಂದು ಭೂಸ್ಥಿರ ಉಪಗ್ರಹ (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವಂಥದ್ದು) ಸೇರಿಸಿದೆ. ಸೆಮಿಮೇಜರ್ ಆಕ್ಸಿಸ್ (ಕಕ್ಷೆ ಎಷ್ಟು ದೊಡ್ಡದು ಎಂಬ ಅಳತೆ, ಕಿ.ಮೀ.ಗಳಲ್ಲಿ) 35786, ಪೀರಿಯಡ್ (ಒಂದು ಸುತ್ತಿಗೆ ಬೇಕಾದ ಸಮಯ, ದಿನಗಳಲ್ಲಿ) 1 ಎಂದು ಬರೆದೆ. ಹಾಸನದ ನೆತ್ತಿಯ ಮೇಲೆ ನಿಲ್ಲಿಸುವ ಆಸೆ. ಇಂಥ ಉಪಗ್ರಹಗಳನ್ನು ಇಸ್ರೋ ಅಲ್ಲಿಂದಲೇ ನೋಡಿಕೊಳ್ಳುತ್ತದೆ ಅಲ್ವಾ? ಆದರೆ ದಿನ ಕಳೆದ ಹಾಗೆ ಜಾರುತ್ತಿದೆ. ಎಲ್ಲಿ ತಪ್ಪಿದೆ?

— ನಾನೂ ಇದೇ ಎರಡು ತಪ್ಪು ಮಾಡಿದ್ದೆ. 35,786 ಕಿ.ಮೀ. ನೆಲದಿಂದ ಇರುವ ಎತ್ತರ. ಇಲ್ಲಿ ಬೇಕಿರುವುದು ಭೂಮಿಯ ನಡುವಿನಿಂದ ದೂರ, ಅಂದರೆ 42,164. ಜಾರುವುದಕ್ಕೆ ಮಾತ್ರ ಪೀರಿಯಡ್ ಕಾರಣ. ಭೂಮಿ ಒಂದು ಸುತ್ತು ತಿರುಗುವುದು 23 ಗಂಟೆ 56 ನಿಮಿಷ 4 ಸೆಕೆಂಡಿನಲ್ಲಿ. ದಿನದ ಲೆಕ್ಕದಲ್ಲಿ ಅದು 0.99727, ಅದನ್ನೇ ಹಾಕಿ. 1 ಎಂದಿದ್ದರೆ ದಿನಕ್ಕೆ ಸುಮಾರು ಒಂದು ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತದೆ. ನನ್ನದು ಒಂದು ತಿಂಗಳಲ್ಲಿ ಆಫ್ರಿಕಾದ ತೀರ ಸೇರಿತ್ತು.

ಹಾಸನದ ನೆತ್ತಿಯ ಮೇಲೆ ನಿಲ್ಲಿಸಲು ಆಗುವುದಿಲ್ಲ. ಹಾಸನ 13 ಡಿಗ್ರಿ ಉತ್ತರದಲ್ಲಿದೆ, ಭೂಸ್ಥಿರ ಉಪಗ್ರಹ ಸಮಭಾಜಕದ ಮೇಲೆಯೇ ಇರಬೇಕು. ಇನ್‌ಕ್ಲಿನೇಷನ್ (ಸಮಭಾಜಕಕ್ಕೆ ಕಕ್ಷೆ ಎಷ್ಟು ಓರೆ ಎಂಬುದು) 0 ಇಟ್ಟು, 76 ಡಿಗ್ರಿ ಪೂರ್ವಕ್ಕೆ ತನ್ನಿ. ಮೀನ್ ಅನಾಮಲಿ (ಉಪಗ್ರಹ ಕಕ್ಷೆಯಲ್ಲಿ ಎಲ್ಲಿದೆ ಎಂದು ಹೇಳುವ ಕೋನ) ಎಷ್ಟು ಡಿಗ್ರಿ ಹೆಚ್ಚಿಸುತ್ತೀರೋ ಅಷ್ಟೇ ಪೂರ್ವಕ್ಕೆ ಹೋಗುತ್ತದೆ. ಆಗ ಹಾಸನದಿಂದ ನೋಡಿದರೆ ನೆತ್ತಿಯಿಂದ ತುಸು ದಕ್ಷಿಣಕ್ಕೆ ಕಾಣುತ್ತದೆ. ಮಕ್ಕಳಿಗೆ ಅದನ್ನೇ ತೋರಿಸಿ, ಡಿಶ್ ಆಂಟೆನಾ ಯಾಕೆ ದಕ್ಷಿಣಕ್ಕೆ ವಾಲಿರುತ್ತದೆ ಎಂದು ತಕ್ಷಣ ಗೊತ್ತಾಗುತ್ತದೆ.

— ನನ್ನ ಉಪಗ್ರಹ ಕಾಣಿಸಲೇ ಇಲ್ಲ! ಎರಡು ಸಂಜೆ ಹುಡುಕಿದೆ. ಯಾವುದನ್ನು ಸುತ್ತಬೇಕು ಎಂದು ಬರೆಯುವಲ್ಲಿ ‘ಸೋಲ್/ಅರ್ಥ್’ (ಸೂರ್ಯ/ಭೂಮಿ) ಎನ್ನುವ ಬದಲು ಬರೀ ‘ಸೋಲ್’ ಎಂದು ಬರೆದಿದ್ದೆ. ಗ್ರಹವನ್ನು ಸುತ್ತುವುದಕ್ಕೆ ಕಿಲೋಮೀಟರ್ ಮತ್ತು ದಿನ, ನಕ್ಷತ್ರವನ್ನು ಸುತ್ತುವುದಕ್ಕೆ ಖಗೋಳ ಮಾನ (ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರ) ಮತ್ತು ವರ್ಷ. ಹಾಗಾಗಿ ಅದು ಸೂರ್ಯನಿಂದ ಅರ್ಧ ಜ್ಯೋತಿರ್ವರ್ಷಕ್ಕೂ ಆಚೆ ಹೋಗಿ ಕೂತಿತ್ತು.

— ಇನ್ನೊಂದು ಮಾತು. ನೀವು 35,786 ಹಾಕಿದಾಗ ಸೆಲೆಸ್ಟಿಯಾ ಯಾಕೆ ತಕರಾರು ಮಾಡಲಿಲ್ಲ? ಅದು ಗುರುತ್ವದ ಲೆಕ್ಕ ಹಾಕುವುದಿಲ್ಲ, ಕೊಟ್ಟ ದಾರಿಯಲ್ಲಿ ಕೊಟ್ಟ ಸಮಯಕ್ಕೆ ಸುತ್ತಿಸುತ್ತದೆ ಅಷ್ಟೇ. ನಾನು ಭೂಮಿಯಿಂದ 20 ಲಕ್ಷ ಕಿ.ಮೀ. ದೂರದಲ್ಲಿ ಇನ್ನೊಂದು ಚಂದ್ರನನ್ನು ಇಟ್ಟಿದ್ದೆ. ಸೆಲೆಸ್ಟಿಯಾದಲ್ಲಿ ಚೆನ್ನಾಗಿ ಸುತ್ತುತ್ತಿತ್ತು. ಅದನ್ನೇ ಗುರುತ್ವದ ಲೆಕ್ಕ ಹಾಕುವ ಯೂನಿವರ್ಸ್ ಸ್ಯಾಂಡ್‌ಬಾಕ್ಸ್ ತಂತ್ರಾಂಶದಲ್ಲಿ ಇಟ್ಟಾಗ ಭೂಮಿಯನ್ನು ಬಿಟ್ಟು ಸೂರ್ಯನ ಸುತ್ತ ಹೊರಟಿತು. ಭೂಮಿಯ ಹಿಡಿತ ಸುಮಾರು 15 ಲಕ್ಷ ಕಿ.ಮೀ. ತನಕ ಮಾತ್ರ. ನಿಮ್ಮ ಉಪಗ್ರಹವನ್ನೂ ಸ್ಯಾಂಡ್‌ಬಾಕ್ಸ್‌ನಲ್ಲಿ 42,164 ಕಿ.ಮೀ. ದೂರದಲ್ಲಿ ಒಮ್ಮೆ ಇಟ್ಟು ನೋಡಿ. ವೇಗ ಸೆಕೆಂಡಿಗೆ 3.07 ಕಿ.ಮೀ. ಕೊಡಿ, ಸಮಯವನ್ನು ನಿಧಾನವಾಗಿ ಓಡಿಸಿ.